ಚೌಡಕ್ಕನ ಕೈಗುಣ

ಸೂಳೆಕೆರೆ ಏರಿ ಬಿಟ್ಟು ಕತ್ತಲಗೆರೆ ಕಡೆ ಹೊರಟರೆ ದಾರಿಯಲ್ಲಿ ಒಂದು ಸಸ್ಯೋದ್ಯಾನ ಸಿಗುತ್ತದೆ. ಕಮಾನಿನ ಮೇಲೆ ಅದಕ್ಕೆ ಉದ್ದನೆಯ ಹೆಸರು ಬರೆದಿದ್ದಾರೆ, ಊರವರು ಪಾರ್ಕು ಎನ್ನುತ್ತಾರೆ. ಮದುವೆಯಾಗದ ಜೋಡಿಗಳು ಬಿದಿರು ಮೆಳೆಯ ಕಡೆ ಹೋಗುತ್ತವೆ, ಮಕ್ಕಳಿರುವವರು ಜೋಕಾಲಿ ಕಡೆ. ವಯಸ್ಸಾದವರು ನಕ್ಷತ್ರವನದಲ್ಲಿ ತಮ್ಮ ತಮ್ಮ ನಕ್ಷತ್ರದ ಮರ ಹುಡುಕಿ, ಅದರ ಬುಡದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ. ಗಿಡ ನೋಡಲೆಂದೇ ಬಂದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ನೋಡಬೇಕಾದ ಗಿಡಗಳಿರುವುದು ಹಿಂದುಗಡೆ, ನೀರಿನ ಟ್ಯಾಂಕಿನ ಆಚೆ. ಅಲ್ಲಿ ತಾಲ್ಲೂಕಿಗೊಂದರಂತೆ ಮಡಿ ಮಾಡಿದ್ದಾರೆ. ಜಗಳೂರಿನ ಮಡಿಯಲ್ಲಿ ಒಣಗುಡ್ಡದ ಕಳ್ಳಿ, ಕವಳಿ, ಕಾರೆ. ಹೊನ್ನಾಳಿಯದರಲ್ಲಿ ಹೊಳೆದಂಡೆಯ ಲಕ್ಕಿ. ನ್ಯಾಮತಿಯದರಲ್ಲಿ ಕಾಡಂಚಿನ ಬಳ್ಳಿಗಳು, ಚನ್ನಗಿರಿಯದರಲ್ಲಿ ಕೆರೆಯಂಗಳದ ಬಜೆ, ಒಂದೆಲಗ. ಜಗಳೂರಿನ ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ಪಕ್ಕದ ಬಜೆಗೆ ಕಡಿಮೆಯಾದರೆ ಒಂದೇ ವಾರಕ್ಕೆ ಸುಟ್ಟುಹೋಗುತ್ತದೆ. ನಾಲ್ಕು ತಾಲ್ಲೂಕುಗಳನ್ನು ಒಂದೇ ರಬ್ಬರ್ ಪೈಪಿನಲ್ಲಿ ಸಂಭಾಳಿಸಿಕೊಂಡು ಹೋಗುವ ಹೆಂಗಸಿನ ಹೆಸರು ಚೌಡೇಶ್ವರಿ. ಎಲ್ಲರಿಗೂ ಅವಳು ಚೌಡಕ್ಕ.

ಚೌಡಕ್ಕನಿಗೆ ಸುಸ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಅವಳ ಮಾತು ಎಲ್ಲಿಂದ ತೆಗೆದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ವಯಸ್ಸು ಐವತ್ತು ದಾಟಿದೆ, ಮಂಡಿ ಹಿಡಿದುಕೊಂಡಿದೆ. ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು ಎದ್ದರೆ ಸೊಂಟ ನೆಟ್ಟಗಾಗಲು ಬೇರೆಯೇ ಹೊತ್ತು ಬೇಕು. ಆದರೆ ಪಾರ್ಕಿನ ಕೆಲಸದ ಸುಸ್ತು ದೊಡ್ಡದಲ್ಲ. ಆ ಸುಸ್ತಿಗೆ ಮಂಗಳವಾರ ಅಂತ ಒಂದು ರಜೆ ಇತ್ತು. ಅವತ್ತು ಪಾರ್ಕಿಗೆ ಬೀಗ, ಚೌಡಕ್ಕ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡು ಮಧ್ಯಾಹ್ನ ಮಲಗುತ್ತಿದ್ದಳು. ರಜೆಯೇ ಇಲ್ಲದ ಸುಸ್ತು ಮನೆಯಲ್ಲಿತ್ತು.

ಅವಳ ಗಂಡ ಹನುಮಂತಪ್ಪನ ಮನೆತನದಲ್ಲಿ ಕಾಮಾಲೆಗೆ ಔಷಧಿ ಕೊಡುತ್ತಾರೆ. ಎಷ್ಟು ತಲೆಮಾರಿನಿಂದ ಎಂದು ಕೇಳಿದರೆ ಹನುಮಂತಪ್ಪ ಕೈ ಹಿಂದಕ್ಕೆ ಬೀಸಿ ತೋರಿಸುತ್ತಾನೆ, ಅಷ್ಟೇ. ಔಷಧಿ ಬರುವುದು ಸೊಸೆಯಂದಿರ ಕೈಗೆ. ಮಗಳು ಇನ್ನೊಂದು ಮನೆ ಬೆಳಗಲು ಹೋಗುತ್ತಾಳಲ್ಲ, ಅದಕ್ಕೆ. ಅತ್ತೆ ಅಜ್ಜಮ್ಮ ಒಂದು ಗ್ರಹಣದ ಹೊತ್ತಿನಲ್ಲಿ ಚೌಡಕ್ಕನನ್ನು ಕೆರೆಯಲ್ಲಿ ಸೊಂಟದ ಮಟ್ಟ ನೀರಿಗೆ ಇಳಿಸಿ, ಕಿವಿಯಲ್ಲಿ ಗಿಡದ ಹೆಸರು ಹೇಳಿ, ನಿಯಮವನ್ನೂ ಹೇಳಿದಳು.

"ಭಾನುವಾರ, ಗುರುವಾರ ಕೊಡಬೇಕು. ಸೂರ್ಯ ಹುಟ್ಟಾಕೆ ಮುಂಚೆ ಮಿಂದು, ಒದ್ದೆ ಸೀರೇಲಿ ಸೊಪ್ಪು ಕೀಳಬೇಕು. ನೆರಳು ಗಿಡದ ಮೇಲೆ ಬೀಳಬಾರದು. ಕಿತ್ತು, ಅರೆದು, ಮಜ್ಜಿಗೇಲಿ ಕಲಸಿ ಕುಡಿಸೋ ತನಕ ಮಾತಾಡಂಗಿಲ್ಲ. ದುಡ್ಡು ಮುಟ್ಟಂಗಿಲ್ಲ, ಬಂದೋರನ್ನ ಇಲ್ಲ ಅಂತ ಕಳಿಸಂಗಿಲ್ಲ. ಹೆಸರು ಮಾತ್ರ ಬಾಯಿ ಬಿಡಬ್ಯಾಡ. ಬಾಯಿಬಿಟ್ಟ ದಿನ ಔಷಧಿ ನಿನ್ನ ಕೈಬಿಟ್ಟು ಹೋಗತೈತೆ. ಆಮೇಲೆ ನೀನು ಕೊಟ್ಟರೂ ಅದು ಬರೀ ಸೊಪ್ಪು."

ಹೊಸ ಸೊಸೆ ತಲೆಯಾಡಿಸಿದಳು. ಗ್ರಹಣ ಬಿಟ್ಟ ಮೇಲೆ ಅವಳಿಗೆ ಚಳಿಜ್ವರ ಬಂತು. ಮುಂದಿನ ಗುರುವಾರ ಆ ಜ್ವರದಲ್ಲೇ ತಣ್ಣೀರು ಮೈಮೇಲೆ ಸುರಿದುಕೊಂಡು ಸೊಪ್ಪು ಕಿತ್ತಳು. ಅಂದು ಶುರುವಾದದ್ದು.

ಜನ ಹೊನ್ನಾಳಿಯಿಂದ ಬಂದರು, ನ್ಯಾಮತಿಯಿಂದ, ಜಗಳೂರಿನಿಂದ ಬಂದರು. ಬಾಡಿಗೆ ಟೆಂಪೋ ಮಾಡಿಕೊಂಡು ಬೆಳಗಿನ ಜಾವವೇ ಬಂದು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಕಣ್ಣು ಹಳದಿ, ಉಗುರು ಹಳದಿ. ಔಷಧಿ ಕುಡಿದು, ಉಪ್ಪು ಕಾರ ಬಿಟ್ಟು ಪಥ್ಯ ಮಾಡಿ, ಬಹಳ ಮಂದಿ ಎದ್ದು ಓಡಾಡಿದರು. ಸೊಪ್ಪಿನಿಂದಲೋ, ಪಥ್ಯದಿಂದಲೋ, ರೋಗವೇ ತನ್ನ ಪಾಡಿಗೆ ತಾನು ಇಳಿದುಹೋಯಿತೋ, ಚೌಡಕ್ಕನಿಗೂ ತಿಳಿಯದು, ನನಗೂ ತಿಳಿಯದು. ವಾಸಿಯಾದವರು ಎಲೆ ಅಡಿಕೆ ತಂದಿಟ್ಟು ಕಾಲಿಗೆ ಬೀಳುತ್ತಿದ್ದರು. ನಿಮ್ಮ ಕೈಗುಣ ತಾಯಿ, ಎನ್ನುತ್ತಿದ್ದರು. ಆ ಕೈಗುಣದ ಕಾರಣಕ್ಕೆ ಚೌಡಕ್ಕ ತವರಿನ ಮದುವೆಗಳಿಗೆ ಹೋಗಲಿಲ್ಲ. ಮಗಳ ಬಾಣಂತನಕ್ಕೆ ಹೋದವಳು ಬುಧವಾರ ಸಂಜೆಯೇ ಬಸ್ಸು ಹತ್ತಿ ವಾಪಸ್ಸು ಬಂದಳು. ಎಲ್ಲಿಗೆ ಹೊರಟರೂ ಮೊದಲು ಕೇಳುವ ಮಾತು ಒಂದೇ, ಗುರುವಾರದೊಳಗೆ ಬರಾಕೆ ಆಗತೈತಾ?

ಜನ ಆ ಗಿಡ ಜಗಳೂರಿನಾಚೆಯ ಯಾವುದೋ ಗುಡ್ಡದ ನೆತ್ತಿಯಲ್ಲಿ ಬೆಳೆಯುತ್ತದೆ, ಹನುಮಂತಪ್ಪ ಅಮಾವಾಸ್ಯೆಗೊಮ್ಮೆ ಹೋಗಿ ತರುತ್ತಾನೆ ಎಂದು ನಂಬಿದ್ದರು. ಹನುಮಂತಪ್ಪ ಕೆರೆಯಲ್ಲಿ ಮೀನು ಹಿಡಿಯುವವನು, ಗುಡ್ಡ ಹತ್ತುವ ಆಸಾಮಿಯೇ ಅಲ್ಲ. ಗಿಡ ಬೆಳೆಯುತ್ತಿದ್ದದ್ದು ಅವರ ಬಚ್ಚಲು ಮೋರಿಯ ಪಕ್ಕ. ಪಾರ್ಕಿನಲ್ಲಂತೂ ಅದು ದೊಡ್ಡ ಕಳೆ. ಮಳೆ ಬಿದ್ದರೆ ನಾಲ್ಕು ಮಡಿಗಳಲ್ಲೂ ಬೇಡವೆಂದರೂ ಹುಟ್ಟುತ್ತದೆ. ಭಾನುವಾರ ಬೆಳಿಗ್ಗೆ ಒದ್ದೆ ಸೀರೆಯಲ್ಲಿ, ಬಾಯಿ ಮುಚ್ಚಿಕೊಂಡು, ನೆರಳು ತಪ್ಪಿಸಿ ಒಂದು ಹಿಡಿ ಕಿತ್ತ ಚೌಡಕ್ಕ, ಅದೇ ದಿನ ಮಧ್ಯಾಹ್ನ ಅದನ್ನೇ ಬುಟ್ಟಿಗಟ್ಟಲೆ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದಳು. ಮೊದಮೊದಲು ಎಸೆಯುವ ಮುಂಚೆ ಕೈಮುಗಿಯುತ್ತಿದ್ದಳು. ಆಮೇಲೆ ರೂಢಿಯಾಯಿತು.

ಅದರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅಜ್ಜಮ್ಮನ ನಿಯಮಕ್ಕೆ ಹೆದರಿ ಅಲ್ಲ. ಬರೆದರೆ ನಾಳೆಯೇ ಯಾರಾದರೂ ಅದನ್ನು ಅರೆದು ಕುಡಿದು, ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಕೂರುತ್ತಾರೆ. ಹಾಗೆ ಕೂತವರ ಮಾತನ್ನೇ ಈಗ ಹೇಳಬೇಕಾಗಿದೆ.

ಸೂರಗೊಂಡನಕೊಪ್ಪದ ಹತ್ತಿರದ ಹಳ್ಳಿಯ ತಿಪ್ಪೇಶಪ್ಪ ತನ್ನ ಮಗ ಸಿದ್ದುವನ್ನು ಕರೆದುಕೊಂಡು ಬಂದದ್ದು ಹೋದ ವರ್ಷದ ಮಳೆಗಾಲದಲ್ಲಿ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಗಟ್ಟಿ ಹುಡುಗ. ಜಗಲಿಯ ಕಂಬಕ್ಕೆ ಒರಗಿ ಕೂತು, ಔಷಧಿ ಕುಡಿದು, ಮುಖ ಕಿವುಚಿ, "ಅಕ್ಕಾ, ಇದಕ್ಕಿಂತ ಡೀಸೆಲ್ಲೇ ವಾಸಿ ಬಿಡ್ರಿ," ಎಂದು ನಗಿಸಿದ್ದ. ಮುಂದಿನ ವಾರ ಅದೇ ಕಂಬಕ್ಕೆ ಒರಗಿದ, ಆದರೆ ನಗಿಸಲಿಲ್ಲ. ಅದರ ಮುಂದಿನ ವಾರ ತಂದೆ ಅವನನ್ನು ಎತ್ತಿ ತಂದು ಕಂಬಕ್ಕೆ ಒರಗಿಸಬೇಕಾಯಿತು. ಹೊಟ್ಟೆ ಉಬ್ಬಿತ್ತು. ಕರೆದರೆ ತಡೆದು ತಡೆದು ಓ ಅನ್ನುತ್ತಿದ್ದ. ಇದು ಸೊಪ್ಪಿನಿಂದ ಆಗುವ ಕೆಲಸವಲ್ಲ ಎಂದು ಚೌಡಕ್ಕನಿಗೆ ನೋಡಿದೊಡನೆ ಗೊತ್ತಾಯಿತು. ಆದರೆ ಸೊಪ್ಪು ಕಿತ್ತಾಗಿತ್ತು, ಕುಡಿಸುವ ತನಕ ಮಾತಾಡುವಂತಿಲ್ಲ. ಅರೆದು ಕುಡಿಸಿ ಬಾಯಿ ತೆರೆದಳು. "ದಾವಣಗೆರೆಗೆ ಕರ್ಕೊಂಡು ಹೋಗ್ರಿ, ಈಗಲೇ ಹೋಗ್ರಿ."

ಹೋದರು. ತೀರಾ ತಡವಾಗಿದೆ ಎಂದರಂತೆ. ಸಿದ್ದು ಆ ವಾರ ದಾಟಲಿಲ್ಲ.

ಕರ್ಮದ ಊಟ ಮುಗಿದ ಮೇಲೆ ತಿಪ್ಪೇಶಪ್ಪ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡು ಚೌಡಕ್ಕ ಬಾಗಿಲಲ್ಲೇ ನಿಂತಳು. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳೋ ಏನೋ. ಅವನು ಎಲೆ ಅಡಿಕೆ ಮುಂದಿಟ್ಟು ಕೈಮುಗಿದ.

"ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲ ತಾಯಿ. ಅವನ ಅನ್ನದ ಋಣ ತೀರಿತ್ತು. ನಾವೇ ನಿಮ್ಮತ್ರ ಬರೋದು ತಡ ಮಾಡಿದ್ವಿ," ಎಂದ.

ಅದನ್ನು ಕೇಳಿದ ಮೇಲೆ ಚೌಡಕ್ಕನಿಗೆ ಊಟ ಸೇರದಾಯಿತು. ಮಾತಾಡಬಾರದ ಹೊತ್ತಿನಲ್ಲಿ ಮಾತಾಡಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕಳೆ ಕೀಳುವಾಗ ಕೇಳಿಕೊಳ್ಳುತ್ತಿದ್ದಳು. ಮೊದಲ ವಾರವೇ ಆಸ್ಪತ್ರೆಗೆ ಹೋಗು ಎಂದಿದ್ದರೆ? ಪ್ರಶ್ನೆ ಅಲ್ಲಿಗೆ ನಿಲ್ಲುತ್ತಿರಲಿಲ್ಲ, ಎದುರಿನ ಗಿಡ ಕಳೆಯೋ ಔಷಧಿಯೋ ಎಂದು ಒಂದೊಂದು ಸಲ ಗೊತ್ತಾಗದೆ ಸುಮ್ಮನೆ ಕೂತುಬಿಡುತ್ತಿದ್ದಳು.

ಆಮೇಲಿನಿಂದ ಬಂದವರಿಗೆಲ್ಲ ಮೊದಲು ಆಸ್ಪತ್ರೆಗೆ ಹೋಗ್ರಿ ಎಂದು ಹೇಳತೊಡಗಿದಳು. ಅವರು ಹೂಂ ಎನ್ನುತ್ತಿದ್ದರು. "ಹೋಗ್ತೀವಿ ತಾಯಿ. ನೀವು ಕೊಟ್ಟುಬಿಡ್ರಿ, ಕುಡಿದೇ ಹೋಗ್ತೀವಿ." ಕುಡಿದು ನೇರ ಮನೆಗೆ ಹೋಗುತ್ತಿದ್ದರು. ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಕೊಡುವುದಿಲ್ಲ ಎಂದಳು. ಅವರು ಜಗಲಿ ಬಿಟ್ಟು ಏಳಲಿಲ್ಲ. ಹಸಿದ ಹೊಟ್ಟೆಯಲ್ಲಿ, ಬಿಸಿಲೇರುವ ತನಕ, ಏನೂ ಅನ್ನದೆ ಕೂತರು. ಕೊನೆಗೆ ಹನುಮಂತಪ್ಪ ಒಳಗೆ ಬಂದ.

"ಇಲ್ಲ ಅಂತ ಕಳಿಸಿದ್ದು ಈ ಮನೇಲಿ ಇಲ್ಲ ಕಣೆ. ನಮ್ಮವ್ವನ ಮಾತೈತೆ."

"ನಿಮ್ಮವ್ವ ಹೋದಳು. ನಾನಿದೀನಲ್ಲ ಸಾಯಾಕೆ."

"ನಿನ್ನ ಕೈಗುಣ ಐತೆ ಅಂತ ತಾನೆ ಬರ್ತಾರೆ. ನನ್ನ ನೋಡಾಕೆ ಬರ್ತಾರಾ?"

ಅವಳು ಎದ್ದು ಹೋಗಿ, ಹೊತ್ತು ಮೀರಿದ್ದರೂ ಮೈಮೇಲೆ ನೀರು ಸುರಿದುಕೊಂಡು ಸೊಪ್ಪು ಕಿತ್ತಳು. ಕೀಳುವಾಗಲೇ ಅಜ್ಜಮ್ಮನ ಕೊನೆಯ ಮಾತು ನೆನಪಿಗೆ ಬಂತು. ಕಳಿಸುವಂತಿಲ್ಲ, ಸರಿ. ಕೈ ಕಟ್ಟಿ ಕೂರುವಂತಿಲ್ಲ, ಸರಿ. ಆದರೆ ಹೆಸರು ಹೇಳಿಬಿಟ್ಟರೆ ಔಷಧಿ ತಾನಾಗಿ ಹೋಗುತ್ತದಲ್ಲ. ಇಷ್ಟು ವರ್ಷ ಶಾಪ ಎಂದುಕೊಂಡಿದ್ದ ಮಾತು ಬಾಗಿಲಾಗಿ ಕಂಡಿತು.

ಪಾರ್ಕಿನ ಗಿಡಗಳ ಉಸ್ತುವಾರಿ ರಮ್ಯಶ್ರೀ ಮೇಡಂ ಅವರದು. ಹೊನ್ನಾಳಿಯ ಹುಡುಗಿ, ಸಸ್ಯಶಾಸ್ತ್ರ ಓದಿದವಳು, ಬಿಸಿಲಿಗೆ ಟೋಪಿ ಹಾಕಿಕೊಂಡು ತಾನೂ ಮಣ್ಣಿಗೆ ಕೈ ಹಾಕುವವಳು. ನಾಲ್ಕು ತಾಲ್ಲೂಕಿನ ನಾಟಿ ಔಷಧಿ ಗಿಡಗಳಿಗೆ ಹೊಸದೊಂದು ಮಡಿ ಮಾಡಬೇಕೆಂದು ಆಕೆ ಹಳ್ಳಿಹಳ್ಳಿ ಸುತ್ತುತ್ತಿದ್ದಳು. ಔಷಧಿ ಕೊಡುವ ಮನೆಗಳಲ್ಲಿ ಕಾಫಿ ಕೊಟ್ಟು ಕಳಿಸುತ್ತಿದ್ದರು, ಹೆಸರು ಕೊಡುತ್ತಿರಲಿಲ್ಲ. ಚೌಡಕ್ಕನನ್ನೂ ಕೇಳಿದ್ದಳು. ಚೌಡಕ್ಕ ಪೈಪು ಸುತ್ತುತ್ತಾ ಬೇರೆ ಕಡೆ ನೋಡಿದ್ದಳು.

ಈಗ ತಾನಾಗಿ ಹುಡುಕಿಕೊಂಡು ಹೋದಳು. ಮಧ್ಯಾಹ್ನ ಊಟದ ಹೊತ್ತು, ಬಿದಿರಿನ ನೆರಳು.

"ಮೇಡಂ, ಕಾಮಾಲೆ ಗಿಡ ಕೇಳಿದ್ರಲ್ಲ," ಎಂದು, ಹೆಸರು ಹೇಳಿದಳು.

ರಮ್ಯಶ್ರೀ ತುತ್ತು ಕೈಯಲ್ಲಿ ಹಿಡಿದುಕೊಂಡೇ ನೋಡಿದಳು. "ಅದಾ? ಬೆಳಿಗ್ಗೆ ಒಂದು ಬುಟ್ಟಿ ಕಿತ್ತು ಬಿಸಾಕಿದ್ರಲ್ಲ ಚೌಡಕ್ಕ."

"ಹೂಂ. ಅದೇ."

ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಚೌಡಕ್ಕ ಸೆರಗು ಕಣ್ಣಿಗೆ ಹಚ್ಚಿಕೊಂಡಳು. ಏನೋ ಆಗುತ್ತದೆ ಎಂದುಕೊಂಡಿದ್ದಳು, ಗುಡುಗು ಸಿಡಿಲು ಅಲ್ಲದಿದ್ದರೂ ಕೈ ಜೋಮು ಹಿಡಿಯಬಹುದು ಎಂದು. ಏನೂ ಆಗಲಿಲ್ಲ. ಮೇಡಂ ಗಿಡದ ಶಾಸ್ತ್ರೀಯ ಹೆಸರು ಹೇಳಿದಳು, ಅದು ಚೌಡಕ್ಕನ ನಾಲಿಗೆಗೆ ಹತ್ತಲಿಲ್ಲ.

ಹೊಸ ಮಡಿಗೆ ಚೌಡಕ್ಕನೇ ಪಾತಿ ಕಟ್ಟಿದಳು. ವರ್ಷವಿಡೀ ಕಿತ್ತು ಎಸೆದ ಕಳೆಯನ್ನು ಅವಳೇ ಹುಡುಕಿ ತಂದು, ಸಾಲು ಹಿಡಿದು ನೆಟ್ಟು, ನೀರು ಹಾಕಿದಳು. ಹಸಿರು ಬೋರ್ಡು ಬಂತು. ಮೇಲೆ ಕನ್ನಡದ ಹೆಸರು, ಕೆಳಗೆ ಇನ್ನೊಂದು ಹೆಸರು, ಅದರ ಕೆಳಗೆ, ಈ ಭಾಗದಲ್ಲಿ ಕಾಮಾಲೆಗೆ ಕೊಡುವ ರೂಢಿಯಿದೆ, ವೈದ್ಯರನ್ನು ಕೇಳದೆ ಬಳಸಬೇಡಿ ಎಂದು. ಚೌಡಕ್ಕ ಬೋರ್ಡನ್ನು ಸೆರಗಿನಿಂದ ಒರೆಸಿದಳು.

ಬೋರ್ಡು ಬಂದ ವಾರದ ಭಾನುವಾರ ಬೆಳಿಗ್ಗೆ ಅವಳು ಮೀಯಲಿಲ್ಲ. ಬಿಸಿಲು ಬಾಗಿಲಿಗೆ ಬರುವ ತನಕ ಮಲಗಿದ್ದಳು. ಎದ್ದು, ಮುಖ ತೊಳೆದು, ಜಗಲಿಗೆ ಬಂದು, ಕೂತಿದ್ದವರಿಗೆಲ್ಲ ಕೇಳುವಂತೆ ಗಿಡದ ಹೆಸರು ಹೇಳಿದಳು. ಪಾರ್ಕಿನಲ್ಲಿ ಬೋರ್ಡು ಐತೆ, ಹೋಗಿ ನೋಡ್ರಿ ಎಂದಳು. "ಇನ್ನು ನನ್ನ ಕೈಯಾಗೆ ಏನೂ ಇಲ್ಲ. ನೀವೆಲ್ಲ ಆಸ್ಪತ್ರೆಗೆ ಹೋಗ್ರಿ."

ಒಬ್ಬ ಮುದುಕಿ ಕೆನ್ನೆ ಬಡಿದುಕೊಂಡಳು. ಹನುಮಂತಪ್ಪ ಬಲೆ ಹೆಗಲಿಗೆ ಹಾಕಿಕೊಂಡು ಹೆಂಡತಿಯ ಮುಖವನ್ನೂ ನೋಡದೆ ಕೆರೆಗೆ ಹೋದ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಚೌಡಕ್ಕ ಖಾಲಿ ಜಗಲಿ ಗುಡಿಸಿ, ಒಲೆ ಹಚ್ಚಿ, ತನಗೊಬ್ಬಳಿಗೇ ಬೆಲ್ಲದ ಕಾಫಿ ಮಾಡಿಕೊಂಡು ಕುಡಿದಳು. ಮದುವೆಯಾಗಿ ಬಂದ ಮೇಲೆ ಭಾನುವಾರ ಬೆಳಿಗ್ಗೆ ಹೀಗೆ ಕೂತು ಕಾಫಿ ಕುಡಿದದ್ದು ಅದೇ ಮೊದಲು. ಅವಳಿಗೆ ಸಂತೋಷವಾಯಿತು, ಮುಚ್ಚುಮರೆ ಯಾಕೆ.

ಅವತ್ತು ಅವಳು ಕೆಲಸಕ್ಕೆ ಹೋಗುವಷ್ಟರಲ್ಲಿ ಪಾರ್ಕಿನ ಆ ಮಡಿ ಬೋಳಾಗಿತ್ತು. ಬುಡಸಮೇತ ಕಿತ್ತುಕೊಂಡು ಹೋಗಿದ್ದರು. ಬೋರ್ಡೊಂದೇ ನಿಂತಿತ್ತು. ಗಿಡ ಸಿಗದವರು ಪಕ್ಕದ ಮಡಿಗಳಿಗೂ ಕೈ ಹಾಕಿದ್ದರು. ಜಗಳೂರಿನ ಕವಳಿಯ ಚಿಗುರು ಇರಲಿಲ್ಲ, ಒಂದೆಲಗದ ಹಾಸು ಕಿತ್ತುಹೋಗಿತ್ತು. ಮೇಡಂ ಬೈಯಲಿಲ್ಲ, ಬೇಲಿ ಹಾಕಬೇಕು ಎಂದಳು.

ಗುರುವಾರ ಬೆಳಿಗ್ಗೆ ಜಗಲಿ ಮತ್ತೆ ತುಂಬಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು.

"ಸೊಪ್ಪು ನಾವೇ ತಂದೀವಿ ತಾಯಿ. ನೀವು ಕೈಹಚ್ಚಿ ಕೊಟ್ರೆ ಸಾಕು," ಎಂದ ಒಬ್ಬ.

"ಹೆಸರು ಹೇಳಾಗೈತೆ. ಔಷಧಿ ಹೋತು. ಅದು ಬರೀ ಸೊಪ್ಪು ಈಗ."

"ಹೆಸರು ಹೋದ್ರೆ ಹೋಗ್ಲಿ ಬಿಡ್ರಿ. ಕೈ ಎಲ್ಲಿ ಹೋಗತೈತೆ?"

ಚೌಡಕ್ಕ ಒಬ್ಬೊಬ್ಬರ ಕವರನ್ನೂ ಬಿಚ್ಚಿ ನೋಡಿದಳು. ಒಂದರಲ್ಲಿ ಒಂದೆಲಗವಿತ್ತು. ಒಂದರಲ್ಲಿ ಯಾವುದೋ ಬೇಲಿಸೊಪ್ಪು. ಇನ್ನೊಂದರಲ್ಲಿ ಉಮ್ಮತ್ತಿಯ ಎಳೆ ಗಿಡಗಳಿದ್ದವು, ಅರೆದು ಕುಡಿಸಿದ್ದರೆ ಕಾಮಾಲೆಗಿಂತ ಮೊದಲು ಅದೇ ಹೊತ್ತುಕೊಂಡು ಹೋಗುತ್ತಿತ್ತು. ಅವಳು ಜಗಲಿಯ ಮೇಲೆ ಕುಸಿದು ಕೂತಳು. ಇಷ್ಟು ದಿನ ತಾನು ಕೊಟ್ಟಿದ್ದಾದರೂ ಗೊತ್ತಿದ್ದ ಸೊಪ್ಪು. ಈಗ ಕೈಗೆ ಸಿಕ್ಕಿದ್ದನ್ನು ಕಿತ್ತು ತಂದು ಅವಳ ಕೈಗೆ ಮುಟ್ಟಿಸಿ ಕುಡಿಯಲು ಜನ ತಯಾರಾಗಿದ್ದರು. ಗಿಡ ಹೋಗಿತ್ತು, ಗುಟ್ಟು ಹೋಗಿತ್ತು, ಜನ ಮಾತ್ರ ಹೋಗಿರಲಿಲ್ಲ.

ಆಗ ಆಟೋ ಬಂದು ನಿಂತಿತು. ಇಳಿದವನು ತಿಪ್ಪೇಶಪ್ಪ. ಹಿಂದೆಯೇ ಅವನ ಮಗಳು ಪ್ರಮೀಳಾ, ಸಿದ್ದುವಿನ ಅಕ್ಕ, ಹೆರಿಗೆಗೆಂದು ತವರಿಗೆ ಬಂದ ತುಂಬು ಬಸುರಿ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಬಂದು ಆ ಕಂಬಕ್ಕೇ ಒರಗಿ ಕೂತಳು. ತಲೆ ಎತ್ತಿದಾಗ ಚೌಡಕ್ಕ ಕಣ್ಣು ನೋಡಿದಳು. ಹಳದಿ.

ತಿಪ್ಪೇಶಪ್ಪ ಕೈಮುಗಿದು ಹೇಳಿದ, "ಸಿದ್ದೂನ ಟೈಮಲ್ಲಿ ತಡ ಮಾಡಿದ್ವಿ ತಾಯಿ. ಈ ಸಲ ಬೇಗ ಬಂದೀವಿ. ನಿನ್ನೆ ಕಣ್ಣು ಹಳದಿ ಆತು, ಇವತ್ತು ಕರ್ಕೊಂಡು ಬಂದೆ."

ಬೇಗ ಬಂದಿದ್ದಾನೆ ಪುಣ್ಯಾತ್ಮ. ಮಗನನ್ನು ಎಲ್ಲಿ ಕಳೆದುಕೊಂಡನೋ ಅಲ್ಲಿಗೇ, ಬೆಳಿಗ್ಗೆ ಬೆಳಿಗ್ಗೆಯೇ, ಮಗಳನ್ನು ಕರೆತಂದಿದ್ದಾನೆ. ಇಲ್ಲ ಎಂದರೆ ಬಿಸಿಲೇರುವ ತನಕ ಕೂರುತ್ತಾನೆ. ಹೂಂ ಎಂದರೆ ಕುಡಿಸಿಕೊಂಡು ಮನೆಗೆ ಹೋಗುತ್ತಾನೆ. ಆಸ್ಪತ್ರೆಗೆ ಹೋಗು ಎಂದರೆ ಹೂಂ ತಾಯಿ ಎನ್ನುತ್ತಾನೆ.

ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ, ಪರ್ಸು ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದಳು.

"ನಿಮಗೆ ಬೇಕಾಗಿರೋದು ನನ್ನ ಕೈ ತಾನೆ?"

"ಹೂಂ ತಾಯಿ."

"ಹಂಗಾದ್ರೆ ಏಳ್ರಿ. ಇವತ್ತು ಔಷಧಿ ದಾವಣಗೆರೆಯಾಗೈತೆ. ನಾನೇ ಬಂದು ನನ್ನ ಕೈಯಾರೆ ಕೊಡ್ತೀನಿ." ಆಮೇಲೆ ಜಗಲಿಯ ಕಡೆ ತಿರುಗಿದಳು. "ನೀವೂ ಏಳ್ರಿ. ಕವರೆಲ್ಲ ಗುಂಡಿಗೆ ಹಾಕ್ರಿ."

ಆಟೋದಲ್ಲಿ ಪ್ರಮೀಳಾಳನ್ನು ಕೂರಿಸಿಕೊಂಡು ಮುಂದೆ ಹೋದರು. ಉಳಿದವರು ಬಸ್ಸಿನಲ್ಲಿ ಬಂದರು, ಕೆಲವರು ಬರಲಿಲ್ಲ. ದಾರಿಯಲ್ಲಿ ಚೌಡಕ್ಕ ಮೇಡಂಗೆ ಫೋನು ಮಾಡಿ ಇವತ್ತು ಬರಾಕಾಗಲ್ಲ ಎಂದಳು. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಪರೀಕ್ಷೆಗೆ ರಕ್ತ ಕೊಡಿಸಿ, ಒಂದು ಬಾಗಿಲಿಂದ ಇನ್ನೊಂದಕ್ಕೆ ಅಲೆದು ಅವಳ ಮಂಡಿ ಬಾತುಕೊಂಡಿತು. ಪ್ರಮೀಳಾಳನ್ನು ಅಲ್ಲೇ ಸೇರಿಸಿಕೊಂಡರು. ನರ್ಸು ಗುಳಿಗೆ ತಂದಾಗ ಪ್ರಮೀಳಾ ಕೈ ಚಾಚಲಿಲ್ಲ, ಚೌಡಕ್ಕನ ಕಡೆ ನೋಡಿದಳು. ಚೌಡಕ್ಕ ಗುಳಿಗೆ ಇಸಿದುಕೊಂಡಳು. ರೂಢಿಯ ಮೇಲೆ ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮಾತಿಲ್ಲದೆ ಅದನ್ನು ಪ್ರಮೀಳಾಳ ಬಾಯಿಗಿಟ್ಟು ನೀರು ಕುಡಿಸಿದಳು.

"ನೀವು ಇವರಿಗೆ ಏನಾಗಬೇಕು?" ಎಂದಳು ನರ್ಸು.

"ಊರಿನೋರು," ಎಂದಳು ಚೌಡಕ್ಕ.

ಸಂಜೆ ಡಾಕ್ಟರು ಬಂದು ನೋಡಿ, ಬಸುರಿಗೆ ಇದು ಅಪಾಯದ ರೋಗ, ಒಳ್ಳೆ ಹೊತ್ತಿಗೆ ಕರೆದುಕೊಂಡು ಬಂದಿದ್ದೀರಿ, ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಹೋದರು. ತಿಪ್ಪೇಶಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಚೌಡಕ್ಕ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಅವನು ಟವಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಏನೋ ಲೆಕ್ಕ ಅವನ ತಲೆಯೊಳಗೆ ಈಗ ಕೂಡಿಬರುತ್ತಿತ್ತು, ಚೌಡಕ್ಕನಿಗೆ ಅದು ಕಾಣಿಸುತ್ತಿತ್ತು, ಎದ್ದು ಹೋಗಲು ಕಾಲಿನಲ್ಲಿ ಕಸುವಿರಲಿಲ್ಲ.

"ತಾಯಿ," ಎಂದ. "ಸಿದ್ದೂನ ಜತೆಗೂ ನೀವು ಹಿಂಗೇ ಬಂದಿದ್ರೆ?"

"ಬರಬೇಕಿತ್ತು," ಎಂದಳು ಚೌಡಕ್ಕ.

ಅವನು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಆ ವರ್ಷವೆಲ್ಲ ಅವಳು ಕಾಯುತ್ತಿದ್ದ ಬೈಗುಳ ಕೊನೆಗೂ ಬಂದಿತ್ತು. ಹಗುರವಾಗಲಿಲ್ಲ. ಆದರೆ ಅದು ಅವಳಿಗೆ ಸೇರಬೇಕಾದದ್ದು, ಸೇರಿತು.

ಪ್ರಮೀಳಾ ಹುಷಾರಾದಳು, ಹೆಣ್ಣು ಮಗುವಾಯಿತು. ಸುದ್ದಿ ಹಬ್ಬಲು ಅಷ್ಟು ಸಾಕು. ಚೌಡಕ್ಕ ಈಗ ದಾವಣಗೆರೆಯ ಔಷಧಿ ಕೊಡುತ್ತಾಳೆ ಎಂದು ನ್ಯಾಮತಿಯ ತನಕ ಮಾತಾಯಿತು. ಗುರುವಾರ, ಭಾನುವಾರ ಪಾರ್ಕಿನ ಕೆಲಸ ಬಿಡಲಾಗುವುದಿಲ್ಲ, ಹಾಗಾಗಿ ಬರುವವರು ಮಂಗಳವಾರ ಬರಬೇಕೆಂದು ಅವಳೇ ದಿನ ಗೊತ್ತು ಮಾಡಿದಳು. ಕಣ್ಣು ತೀರಾ ಹಳದಿಯಿದ್ದವರಿಗೆ ವಾರ ನೋಡುವುದಿಲ್ಲ, ಹನುಮಂತಪ್ಪ ಮೀನಿನ ಬುಟ್ಟಿ ಇಳಿಸಿ ಅವರ ಜೊತೆ ಹೊರಡುತ್ತಾನೆ. ಅವ್ವನ ಮಾತು ಮುರಿಯಿತು ಎಂದು ಸಿಟ್ಟಾಗಿದ್ದವನು, ಬಂದವರನ್ನು ಇಲ್ಲ ಅಂತ ಕಳಿಸುತ್ತಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದಾನೆ. ರಕ್ತಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಬನ್ನಿ ಎಂದರೆ ಜನ ಅದನ್ನೂ ನಿಯಮ ಎಂದುಕೊಂಡು ಮಿಂದು, ಕುಂಕುಮ ಇಟ್ಟುಕೊಂಡು ಬರುತ್ತಾರೆ. ಚೌಡಕ್ಕ ತಿದ್ದಲು ಹೋಗಲಿಲ್ಲ. ಆಸ್ಪತ್ರೆಯ ನರ್ಸು ಈಗ ಯಾರಿಗೆ ಏನಾಗಬೇಕು ಎಂದು ಕೇಳುವುದಿಲ್ಲ, ಗುಳಿಗೆಯನ್ನು ಮೊದಲು ಚೌಡಕ್ಕನ ಅಂಗೈಗೇ ಹಾಕುತ್ತಾಳೆ.

ಪಾರ್ಕಿನಲ್ಲಿ ಬೇಲಿ ಹಾಕಿದ್ದಾರೆ. ಒಳಗಿನ ಮಡಿ ಇನ್ನೂ ಚೇತರಿಸಿಕೊಂಡಿಲ್ಲ, ಬೇಲಿಯ ಹೊರಗೆ ಮಾತ್ರ ಆ ಗಿಡ ಎಲ್ಲೆಂದರಲ್ಲಿ ಹುಟ್ಟಿದೆ. ಚೌಡಕ್ಕ ಒಂದು ಕಡೆ ಕೀಳುತ್ತಾಳೆ, ಇನ್ನೊಂದು ಕಡೆ ನೆಡುತ್ತಾಳೆ.

ಹೋದ ಮಂಗಳವಾರ ಅವಳಿಗೇ ಜ್ವರ. ಮೈ ಕೆಂಡ, ಮಂಡಿ ಮಡಚಲಾಗುತ್ತಿಲ್ಲ. ಹನುಮಂತಪ್ಪ ಕಂಬಳಿ ಹೊದಿಸಿ ಹೇಳಿದ, "ಇವತ್ತೊಂದಿನ ಮಲಗು. ನಿನ್ನ ಪ್ರಾಣಾನೂ ಪ್ರಾಣಾನೇ. ನಾನು ಕರ್ಕೊಂಡು ಹೋಗ್ತೀನಿ."

ಅವಳಿಗೂ ಮಲಗಬೇಕು ಎಂದೇ ಇತ್ತು. ಇಷ್ಟು ವರ್ಷದಲ್ಲಿ ಯಾವತ್ತೂ ಇಲ್ಲದಷ್ಟು ಇತ್ತು. ಕಂಬಳಿ ಕತ್ತಿನ ತನಕ ಎಳೆದುಕೊಂಡು, ಹೊರಗೆ ಎಷ್ಟು ಜನ ಇದ್ದಾರೆ ಎಂದು ತಲೆ ಎತ್ತಿ ಬಾಗಿಲಾಚೆ ನೋಡಿದಳು. ಯಾರೋ ಗುರುತಿಲ್ಲದ ಹುಡುಗ, ಟ್ರ್ಯಾಕ್ಟರ್ ಓಡಿಸುವವನೋ ಏನೋ, ಗಟ್ಟಿ ಮೈಕಟ್ಟು, ಕಂಬಕ್ಕೆ ಒರಗಿ ಕೂತಿದ್ದ. ಏನೋ ಹೇಳಿ ಪಕ್ಕದವರನ್ನು ನಗಿಸುತ್ತಿದ್ದ.

ಚೌಡಕ್ಕ ಕಂಬಳಿ ಸರಿಸಿ, ಗೋಡೆ ಹಿಡಿದು ಎದ್ದು, ಚಪ್ಪಲಿ ಹುಡುಕಿದಳು.